ಒಡೆದ ಸೀಸೆಯೂ ವಿಮಾನ ತನಿಖಾಧಿಕಾರಿಯೂ



ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಪತ್ನೀಕನಾಗಿ ಮನೆಗೆ ಬಂದಿದ್ದ. ಎಂಟರಿಂದ ಹತ್ತನೆಯ ತರಗತಿಯವರೆಗೆ ನನ್ನಲ್ಲಿ ವಿಜ್ಞಾನ ಓದಿದವನು. ಮುಂದೆ ವಿಮಾನಗಳ ನಿರ್ವಹಣೆಯ ಎಂಜಿನಿಯರಾಗಿ, ಅಮೆರಿಕಕ್ಕೆ ಹೋಗಿ, ಅಲ್ಲಿಯ ಪ್ರಜೆಯಾಗಿ, ಈಗ ಎಫ್‌ಎಎ ಎಂದು ಕರೆಯುವ ಅಲ್ಲಿನ ಸರ್ಕಾರಿ ವಿಮಾನಯಾನ ಆಡಳಿತದಲ್ಲಿ ಸುರಕ್ಷತಾ ತನಿಖಾಧಿಕಾರಿಯಾಗಿದ್ದಾನೆ. ಹೆಸರು ಬರೆಯಬೇಡಿರೆಂದು ಕೇಳಿಕೊಂಡಿದ್ದಾನೆ. ಅವನ ಸಹಪಾಠಿಗಳು ಹೇಗೂ ಊಹಿಸಿಯಾರು.

ತನಿಖಾಧಿಕಾರಿ ಎಂದೊಡನೆ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಶಾಲೆಯ ಇನ್‌ಸ್ಪೆಕ್ಷನ್. ನಿಮಗೆ ನೆನಪಿದೆಯೋ ಇಲ್ಲವೋ, ಸಾಹೇಬರು ಬರುವ ಹಿಂದಿನ ದಿನ ದಾರಿಯ ಅಂಚಿನ ಕಲ್ಲುಗಳಿಗೆಲ್ಲ ಸುಣ್ಣ ಬಳಿಯುತ್ತಿದ್ದೆವು. ಪಕ್ಕದ ಊರಿನ ಶಾಲೆಯಿಂದ ಸೂಕ್ಷ್ಮದರ್ಶಕವನ್ನು ಎರವಲು ತಂದು ನಮ್ಮದೇ ಎಂಬಂತೆ ಮೇಜಿನ ಮೇಲಿಡುತ್ತಿದ್ದೆವು. ಓದಿನಲ್ಲಿ ಹಿಂದುಳಿದ ಮೂರು ನಾಲ್ಕು ಹುಡುಗರಿಗೆ "ನಾಳೆ ಜ್ವರ ಬಂದರೆ ಒಳ್ಳೆಯದಪ್ಪ" ಎಂದು ಸೂಚ್ಯವಾಗಿ ಹೇಳುತ್ತಿದ್ದೆವು. ಸಾಹೇಬರು ಬರೆದುಕೊಂಡು ಹೋದದ್ದು ಸುಣ್ಣದ ವರದಿ, ಶಾಲೆಯದಲ್ಲ.

ಇದನ್ನು ಹೇಳಿದಾಗ ಅವನು ನಕ್ಕು, "ನನ್ನ ಕೆಲಸ ಇದಕ್ಕೆ ತಿರುಗುಮುರುಗು ಮೇಷ್ಟ್ರೇ. ತಪ್ಪು ಮಾಡಿದವರೇ ಬರೆದು ಕಳಿಸುತ್ತಾರೆ, ನಾವು ಕೂತು ಓದುತ್ತೇವೆ" ಎಂದ.

ಆ ವ್ಯವಸ್ಥೆಯನ್ನು ಅವನು ವಿವರಿಸಿದ ಬಗೆ ಹೀಗಿದೆ. ಒಬ್ಬ ಪೈಲಟ್ ನಿಯಂತ್ರಣ ಗೋಪುರದವರು ಹೇಳಿದ ಎತ್ತರವನ್ನು ತಪ್ಪಾಗಿ ಕೇಳಿಸಿಕೊಂಡು ಸಾವಿರ ಅಡಿ ಕೆಳಗಿಳಿದ ಎನ್ನಿ. ಅಥವಾ ಮೆಕ್ಯಾನಿಕ್ ಒಬ್ಬನಿಗೆ ಪಾಳಿ ಮುಗಿಸಿ ಮನೆಗೆ ಹೋದಮೇಲೆ, ಒಂದು ಬೋಲ್ಟನ್ನು ಬಿಗಿಮಾಡದೆಯೇ ಕಾಗದಕ್ಕೆ ಸಹಿ ಹಾಕಿದೆನಲ್ಲ ಎಂದು ನೆನಪಾಯಿತೆನ್ನಿ. ಯಾರೂ ಕಂಡಿಲ್ಲ, ಏನೂ ಆಗಿಲ್ಲ. ಅಂಥವನು ಸಾಮಾನ್ಯವಾಗಿ 24 ಗಂಟೆಗಳ ಒಳಗೆ ತಾನೇ ವರದಿ ಬರೆದು ಸಲ್ಲಿಸಬಹುದು. ಅದನ್ನು ಮೂವರು ಕೂತು ಪರಿಶೀಲಿಸುತ್ತಾರೆ: ಕಂಪನಿಯ ಒಬ್ಬ ಪ್ರತಿನಿಧಿ, ನೌಕರರ ಸಂಘದ ಒಬ್ಬ, ಸರ್ಕಾರದ ಕಡೆಯಿಂದ ನನ್ನ ಶಿಷ್ಯನಂಥ ಒಬ್ಬ ತನಿಖಾಧಿಕಾರಿ. ಮತಕ್ಕೆ ಹಾಕಿ ತೀರ್ಮಾನಿಸುವುದಿಲ್ಲ. ಮೂವರೂ ಒಮ್ಮತಕ್ಕೆ ಬರಬೇಕು. ಪ್ರಾಮಾಣಿಕ ತಪ್ಪಾಗಿದ್ದರೆ ದಂಡವಿಲ್ಲ, ಪರವಾನಗಿ ಕಿತ್ತುಕೊಳ್ಳುವುದಿಲ್ಲ. ಬೇಕಾದರೆ ಮರುತರಬೇತಿ ಕೊಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಆ ತಪ್ಪಿಗೆ ಎಡೆಮಾಡಿದ ಕೈಪಿಡಿಯ ಸಾಲನ್ನೋ ಪಾಳಿಯ ಪದ್ಧತಿಯನ್ನೋ ತಿದ್ದುತ್ತಾರೆ. ಕುಡಿದು ಕೆಲಸಕ್ಕೆ ಬಂದವನಿಗೆ, ಬೇಕೆಂದೇ ನಿಯಮ ಮುರಿದವನಿಗೆ, ಸುಳ್ಳು ಬರೆದವನಿಗೆ ಈ ರಕ್ಷಣೆ ಇಲ್ಲ. 1997ರಲ್ಲಿ ಎಫ್‌ಎಎ ಇದಕ್ಕೆ ಅಧಿಕೃತ ಸುತ್ತೋಲೆ ಹೊರಡಿಸಿತು. ಆಸಾಪ್ ಎಂಬುದು ಅದರ ಚುಟುಕು ಹೆಸರು.

ಇದರ ಬೇರು ಇನ್ನೂ ಹಿಂದಿನದು. 1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ ಕಂಪನಿಯ 514ನೆಯ ವಿಮಾನ ವಾಷಿಂಗ್ಟನ್ ಸಮೀಪದ ಡಲ್ಲೆಸ್ ನಿಲ್ದಾಣಕ್ಕೆ ಇಳಿಯಲು ಬರುತ್ತಿತ್ತು. ಬಿರುಗಾಳಿ, ಮೋಡ. ಇಳಿಯುವ ಹಾದಿಗೆ ಅನುಮತಿ ಕೊಟ್ಟಿದ್ದೇವೆ ಎಂದು ನಿಯಂತ್ರಕರು ಹೇಳಿದರು. ಹಾಗೆಂದರೆ ಇನ್ನು 1800 ಅಡಿಗೆ ಇಳಿಯಬಹುದೆಂದು ಪೈಲಟರು ಅರ್ಥ ಮಾಡಿಕೊಂಡರು. ಬೆಟ್ಟಗಳನ್ನು ತಪ್ಪಿಸಿಕೊಂಡು ಎತ್ತರ ಕಾಪಾಡಿಕೊಳ್ಳುವುದು ಪೈಲಟರ ಹೊಣೆಯೆಂದು ನಿಯಂತ್ರಕರು ಅಂದುಕೊಂಡರು. ಮಾತು ಒಂದೇ, ಅರ್ಥ ಎರಡು. ವಿಮಾನ ವರ್ಜೀನಿಯಾದ ಮೌಂಟ್ ವೆದರ್ ಬೆಟ್ಟಕ್ಕೆ ಅಪ್ಪಳಿಸಿತು. ಒಳಗಿದ್ದ 92 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ನನ್ನ ಮನಸ್ಸನ್ನು ಕಲಕಿದ ಸಂಗತಿ ತನಿಖೆಯಲ್ಲಿ ಹೊರಬಂದದ್ದು. ಸುಮಾರು ಆರು ವಾರಗಳ ಹಿಂದೆ ಯುನೈಟೆಡ್ ಕಂಪನಿಯ ಒಂದು ವಿಮಾನ ಅದೇ ಹಾದಿಯಲ್ಲಿ, ಅದೇ ಅಪಾರ್ಥದಿಂದ, ಅದೇ ಬೆಟ್ಟದ ನೆತ್ತಿಯಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಅದರ ಪೈಲಟರು ತಮ್ಮ ಕಂಪನಿಗೆ ತಿಳಿಸಿದರು, ಕಂಪನಿ ತನ್ನ ಇತರ ಪೈಲಟರಿಗೆ ಎಚ್ಚರಿಕೆ ಕೊಟ್ಟಿತು. ಬೇರೆ ಕಂಪನಿಯವರಿಗೆ ಆ ಸುದ್ದಿ ಮುಟ್ಟುವ ದಾರಿಯೇ ಇರಲಿಲ್ಲ. ಬೆಟ್ಟದ ವಿಷಯ ಲೋಕದಲ್ಲಿ ಗೊತ್ತಿತ್ತು. ಯಾರಿಗೆ ಗೊತ್ತಿರಬೇಕಿತ್ತೋ ಅವರಿಗೆ ಗೊತ್ತಿರಲಿಲ್ಲ.

ಇದಾದಮೇಲೆ 1975ರಲ್ಲಿ ಎಫ್‌ಎಎ, ನಿಮ್ಮ ತಪ್ಪುಗಳನ್ನೂ ಅಪಾಯಗಳನ್ನೂ ನಮಗೆ ಬರೆಯಿರಿ ಎಂದು ಕೇಳಿತು. ದಂಡ ಹಾಕುವ ಕೈಗೇ ತಪ್ಪೊಪ್ಪಿಗೆ ಕೊಡಲು ಯಾರಿಗೆ ಧೈರ್ಯ? ಆದ್ದರಿಂದ ವರದಿಗಳನ್ನು ಸ್ವೀಕರಿಸುವ ಕೆಲಸವನ್ನು ದಂಡಾಧಿಕಾರವಿಲ್ಲದ ನಾಸಾ ಸಂಸ್ಥೆಗೆ ಒಪ್ಪಿಸಿದರು. 1976ರ ಏಪ್ರಿಲ್‌ನಿಂದ ಅದು ನಡೆಯುತ್ತಿದೆ. ವರದಿಯ ಹಾಳೆಯಲ್ಲಿ ಹೆಸರು, ವಿಳಾಸ ಇರುವ ಪಟ್ಟಿಯನ್ನು ಮುದ್ರೆಯೊತ್ತಿ ಬರೆದವನಿಗೇ ಹಿಂದಿರುಗಿಸುತ್ತಾರೆ. ಉಳಿದ ಭಾಗದಿಂದ ಗುರುತುಗಳನ್ನೆಲ್ಲ ಅಳಿಸಿ ಎಲ್ಲರಿಗೂ ಓದಲು ಕೊಡುತ್ತಾರೆ. ಇದುವರೆಗೆ 15 ಲಕ್ಷಕ್ಕೂ ಹೆಚ್ಚು ವರದಿಗಳು ಬಂದಿವೆ.

ಈಗ ನನ್ನ ಕಥೆ. ನಿಮ್ಮಲ್ಲಿ ಕೆಲವರು ಇದನ್ನು ಕಣ್ಣಾರೆ ಕಂಡವರೇ.

1988ರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಪ್ರಯೋಗಾಲಯದಲ್ಲಿ ಥರ್ಮಾಮೀಟರ್ ಒಡೆದ. ನಾನು ಪಕ್ಕದ ಕೋಣೆಯಲ್ಲಿದ್ದೆ, ನೋಡಿರಲಿಲ್ಲ. ಅವನೇ ಚೂರುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು, "ಸಾರ್, ನನ್ನ ಕೈಯಿಂದ ಬಿತ್ತು" ಎಂದ. ಆ ವರ್ಷ ಉಪಕರಣಗಳಿಗೆ ಸಿಕ್ಕ ಹಣ ತೀರ ಕಡಿಮೆ. ನಾನಾಗ ಬಿ.ಎಡ್. ಮುಗಿಸಿ ಬಂದು ನಾಲ್ಕು ವರ್ಷವಾಗಿದ್ದ ಹುಮ್ಮಸ್ಸಿನ ಮೇಷ್ಟ್ರು; ಶಿಸ್ತೆಂದರೆ ಬೆತ್ತ ಎಂದು ತಿಳಿದಿದ್ದ ಕಾಲ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯ ಮುಂದೆ ಅವನನ್ನು ನಿಲ್ಲಿಸಿದೆ, ಬೆಲೆ ಕಟ್ಟಿಸಿಕೊಂಡೆ. ಅವನ ತಂದೆ ಕೂಲಿಯವರು. ಎರಡು ಕಂತಿನಲ್ಲಿ ಕೊಟ್ಟರು.

ಆಮೇಲೆ ಎರಡು ವರ್ಷ ನಮ್ಮ ಪ್ರಯೋಗಾಲಯದಲ್ಲಿ ಒಂದು ಗಾಜೂ ಒಡೆಯಲಿಲ್ಲ. ಮುಖ್ಯೋಪಾಧ್ಯಾಯರು ಶಿಕ್ಷಕರ ಸಭೆಯಲ್ಲಿ ನನ್ನನ್ನು ಹೊಗಳಿದರು. ನಾನೂ ನಂಬಿದೆ. ವಿಜ್ಞಾನದ ಮೇಷ್ಟ್ರಾಗಿ, ನಾಲ್ಕು ತರಗತಿಗಳ ಮಕ್ಕಳು ಎರಡು ವರ್ಷ ಗಾಜಿನ ಸಾಮಾನು ಮುಟ್ಟಿಯೂ ಒಂದೂ ಒಡೆಯುವುದಿಲ್ಲವೆಂದರೆ ಆ ಲೆಕ್ಕವನ್ನು ಸಂಶಯಪಡಬೇಕೆಂದು ನನಗೆ ಹೊಳೆಯಲಿಲ್ಲ.

1990ರಲ್ಲಿ ಒಂದು ಬೆಳಿಗ್ಗೆ ನಮ್ಮ ಅಟೆಂಡರ್ ಸಲ್ಫ್ಯೂರಿಕ್ ಆಮ್ಲದ ಸೀಸೆಯನ್ನು ಕಪಾಟಿನಿಂದ ಕುತ್ತಿಗೆ ಹಿಡಿದು ಎತ್ತಿದರು. ಕುತ್ತಿಗೆ ಕೈಯಲ್ಲುಳಿಯಿತು, ಸೀಸೆ ಕೆಳಗೆ ಬಿತ್ತು. ಆಮ್ಲ ಬಲಗಾಲಿನ ಮೇಲೆ. ನಲ್ಲಿಯ ಕೆಳಗೆ ಕಾಲಿಟ್ಟು ಕೂರಿಸಿ, ಆಸ್ಪತ್ರೆಗೆ ಕರೆದೊಯ್ದೆವು. ಕಾಲು ಉಳಿಯಿತು; ಪಾದದಿಂದ ಮೊಣಕಾಲಿನ ತನಕ ಕಲೆ ಉಳಿಯಿತು, ನಡಿಗೆಯಲ್ಲಿ ಸ್ವಲ್ಪ ಎಳೆತವೂ. ಸೀಸೆಯ ಕುತ್ತಿಗೆ ಮೊದಲೇ ಬಿರುಕು ಬಿಟ್ಟಿತ್ತೆಂದೂ, ಬಿರುಕು ಗೋಡೆಯ ಕಡೆ ಬರುವಂತೆ ಯಾರೋ ತಿರುಗಿಸಿಟ್ಟಿದ್ದರೆಂದೂ ಆಮೇಲೆ ತಿಳಿಯಿತು. ಯಾರೆಂದು ಗದರಿಸಿ ಕೇಳಿದೆ. ನಲವತ್ತು ಮುಖಗಳು ನೆಲ ನೋಡಿದವು.

ಈ ಕಥೆಯನ್ನು ಮೊನ್ನೆ ನನ್ನ ಶಿಷ್ಯನಿಗೆ ಹೇಳಲು ಹೊರಟೆ. ಅವನು ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ, "ಆ ಸೀಸೆಯ ವಿಷಯ ನಮ್ಮ ಬೆಂಚಿಗೆಲ್ಲ ಗೊತ್ತಿತ್ತು ಮೇಷ್ಟ್ರೇ. ಒಂದು ವಾರದಿಂದ ಗೊತ್ತಿತ್ತು" ಎಂದ. ನನಗೆ ಮಾತೇ ಹೊರಡಲಿಲ್ಲ. ಯುನೈಟೆಡ್‌ನವರಿಗೆ ಗೊತ್ತಿದ್ದ ಬೆಟ್ಟದ ಹಾಗೆಯೇ ಇದು. ಆದರೆ ಇಲ್ಲಿ ಸುದ್ದಿ ಬರುವ ಬಾಗಿಲಿಗೆ ಅಗುಳಿ ಹಾಕಿದವನು ನಾನೇ.

"ತಪ್ಪು ಮಾಡಿ ಒಂದು ಕಾಗದ ಬರೆದರೆ ಪಾರಾಗಬಹುದು ಎಂದಾದರೆ ಎಲ್ಲರೂ ಬರೆದು ಪಾರಾಗುತ್ತಾರಲ್ಲ?" ಎಂದು ಅಂದು ಅಲ್ಲೇ ಕೂತಿದ್ದ ನನ್ನ ಭಾವಮೈದುನ ಕೇಳಿದ. ಬ್ಯಾಂಕಿನಲ್ಲಿದ್ದವನು, ಅವನ ಪ್ರಶ್ನೆ ಸಹಜವೇ. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಹಾಗೆ ಆದದ್ದೂ ಉಂಟು. ನೌಕರರ ವರದಿಗಳಂತೆಯೇ ಕಂಪನಿಗಳೂ ತಮ್ಮ ಲೋಪಗಳನ್ನು ತಾವೇ ತಿಳಿಸುವ ಇನ್ನೊಂದು ಯೋಜನೆ ಅಮೆರಿಕದಲ್ಲಿದೆ. 2007ರಲ್ಲಿ ಸೌತ್‌ವೆಸ್ಟ್ ಕಂಪನಿ, ತನ್ನ 46 ಬೋಯಿಂಗ್ 737 ವಿಮಾನಗಳ ಹೊರಕವಚದಲ್ಲಿ ಬಿರುಕುಗಳಿವೆಯೇ ಎಂಬ ಕಡ್ಡಾಯ ಪರೀಕ್ಷೆ ತಪ್ಪಿಹೋಗಿದೆ ಎಂದು ಈ ಯೋಜನೆಯಡಿ ತಾನಾಗಿಯೇ ತಿಳಿಸಿತು. ತಿಳಿಸಿದವರು ವಿಮಾನಗಳನ್ನು ನಿಲ್ಲಿಸಬೇಕಿತ್ತು. ನಿಲ್ಲಿಸದೆ ಇನ್ನೂ ಹಲವು ದಿನ ಹಾರಿಸಿದರು. ಎಫ್‌ಎಎ ಲೆಕ್ಕದಲ್ಲಿ 1,451 ಹಾರಾಟಗಳು. ಕೆಲವು ವಿಮಾನಗಳಲ್ಲಿ ನಿಜವಾಗಿಯೂ ಬಿರುಕುಗಳು ಸಿಕ್ಕವು. ಕಂಪನಿಯೊಡನೆ ಅತಿ ಸಲಿಗೆಯಿಂದಿದ್ದ ಮೇಲ್ವಿಚಾರಕ ತನಿಖಾಧಿಕಾರಿಯೊಬ್ಬರು ಅದಕ್ಕೆ ಅವಕಾಶ ಕೊಟ್ಟರೆಂಬುದು ಬಯಲಾಯಿತು. ಅವರ ಕೈಕೆಳಗಿನ ತನಿಖಾಧಿಕಾರಿಗಳಾದ ಬಾಬಿ ಬೂಟ್ರಿಸ್ ಮತ್ತು ಡಗ್ಲಾಸ್ ಪೀಟರ್ಸ್ ಅದನ್ನು ವಿರೋಧಿಸಿ, 2008ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಮರುವರ್ಷ ಕಂಪನಿ 75 ಲಕ್ಷ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು.

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹೇಳಿಕೊಂಡವನಿಗೆ ದಂಡವಿರಬಾರದು. ಆದರೆ ಹೇಳಿಕೊಂಡಮೇಲೂ ತಿದ್ದಿಕೊಳ್ಳದೆ ಅದನ್ನೇ ಮಾಡಿದವನಿಗೆ ಕ್ಷಮೆಯಿರಬಾರದು. ಥರ್ಮಾಮೀಟರ್ ಹುಡುಗ ಮೊದಲನೆಯ ಸಾಲಿನವನು. ಅವನನ್ನು ನಾನು ಎರಡನೆಯ ಸಾಲಿಗೆ ದೂಡಿದೆ. ಇವೆರಡರ ನಡುವಣ ಗೆರೆಯನ್ನು ಯಾವ ಸುತ್ತೋಲೆಯೂ ಪೂರ್ತಿಯಾಗಿ ಎಳೆಯಲಾರದು. ಆ ಕೋಣೆಯಲ್ಲಿ ಕೂತ ತನಿಖಾಧಿಕಾರಿಯೇ ಪ್ರತಿ ಸಲವೂ ಎಳೆಯಬೇಕು. ನನ್ನ ಶಿಷ್ಯನಿಗೆ ಕಷ್ಟವೆನಿಸುವುದೂ ಇದೇ. ಕಂಪನಿಯವರೊಡನೆ, ಸಂಘದವರೊಡನೆ ತಿಂಗಳುಗಟ್ಟಲೆ ಒಂದೇ ಮೇಜಿನಲ್ಲಿ ಕೂತು ಸ್ನೇಹ ಬೆಳೆಯುತ್ತದೆ. ಬೆಳೆಯದಿದ್ದರೆ ಅವರು ಮಾತು ಬಿಚ್ಚುವುದಿಲ್ಲ, ಬೆಳೆದರೆ ಇವನ ಕಣ್ಣು ಮಂಜಾಗುತ್ತದೆ. "ಒಂದೊಂದು ವರದಿ ಓದಿದಾಗ ಒಳಗಿನ ಪೊಲೀಸ್ ಎದ್ದು ನಿಲ್ಲುತ್ತಾನೆ ಮೇಷ್ಟ್ರೇ, ಅವನನ್ನು ಕೂರಿಸುವುದೇ ಅರ್ಧ ಕೆಲಸ" ಎಂದ.

ಹೇಳುವ ಬಾಯಿದ್ದರೂ ಸಾಲದು ಎಂಬುದಕ್ಕೆ ನಮ್ಮ ಮಂಗಳೂರಿನ ದುರಂತವೇ ಇದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಇಳಿಯದೆ ಮತ್ತೆ ಮೇಲಕ್ಕೇರಿರೆಂದು ಸಹಪೈಲಟ್ ಮೂರು ಸಲ ಹೇಳಿದ್ದರೆಂದು ತನಿಖಾ ವರದಿ ಹೇಳುತ್ತದೆ. ಕಿರಿಯನ ಮಾತು ಹಿರಿಯನ ಕಿವಿಗೆ ಇಳಿಯುವ ಅಭ್ಯಾಸ ಆ ಕೊನೆಯ ನಿಮಿಷದಲ್ಲಿ ಹುಟ್ಟುವಂಥದ್ದಲ್ಲ. ಅದು ತರಗತಿಯಲ್ಲೇ, ಮನೆಯಲ್ಲೇ ಆಗಬೇಕು. ನಮ್ಮ ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ವಿದ್ಯುತ್ ಕಂಬ ಹತ್ತುವವರ ನಡುವೆ ಇಂಥದೊಂದು ಹೆಸರಿಲ್ಲದ ವರದಿಯ ಪೆಟ್ಟಿಗೆ ಏಕಿರಬಾರದು? ದೂರಿನ ಪೆಟ್ಟಿಗೆಗಳು ಬೇಕಾದಷ್ಟಿವೆ. ಅವು ಇನ್ನೊಬ್ಬರ ತಪ್ಪಿಗೆ. ನಾನು ಕೇಳುತ್ತಿರುವುದು ತನ್ನ ತಪ್ಪಿಗೆ. ಅದರ ಬೀಗದ ಕೈ ಮಾತ್ರ ಮುಖ್ಯೋಪಾಧ್ಯಾಯರ ಬಳಿ ಇರಕೂಡದು.

ನಮ್ಮ ಅಟೆಂಡರ್ ನನಗಿಂತ ಮೊದಲೇ ನಿವೃತ್ತರಾದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ಈಗಲೂ ಸಂತೆಯಲ್ಲಿ ಸಿಕ್ಕರೆ "ನಮಸ್ಕಾರ ಸಾರ್" ಎಂದು ಮೊದಲು ಕೈಮುಗಿಯುವವರು ಅವರೇ. ನಾನು ಅವರ ಕಾಲಿನತ್ತ ನೋಡದಿರಲು ಪ್ರಯತ್ನಿಸುತ್ತೇನೆ. ಈ ಬರಹವನ್ನು ಪ್ರಕಟಿಸುವ ಮೊದಲು ಅವರ ಮನೆಗೆ ಹೋಗಿ ಓದಿ ಹೇಳಿದೆ. ಕೇಳಿಸಿಕೊಂಡು, "ಹುಡುಗರು ಹೆದರಿದ್ವು ಸಾರ್, ಬಿಡಿ" ಎಂದರು.

ಶಿಷ್ಯ ಹೊರಡುವಾಗ ಗೇಟಿನ ತನಕ ಹೋಗಿ ಬೀಳ್ಕೊಟ್ಟೆ. ಮೂವತ್ತೈದು ವರ್ಷದ ಕುತೂಹಲ ತಡೆಯಲಾಗದೆ, "ಆ ಸೀಸೆ ತಿರುಗಿಸಿಟ್ಟವನು ಯಾರಪ್ಪ? ಈಗಲಾದರೂ ಹೇಳು" ಎಂದೆ. ಅವನು ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕರಿಸಿ, "ಹೆಸರಿನ ಪಟ್ಟಿ ಹರಿದು ವಾಪಸ್ಸು ಕೊಟ್ಟಾಗಿದೆ ಮೇಷ್ಟ್ರೇ" ಎಂದು ನಕ್ಕು ಕಾರು ಹತ್ತಿದ. ನಾನು ಮತ್ತೆ ಕೇಳಲಿಲ್ಲ.