ದಡದ ಮೇಲಿನ ಹೋಟೆಲು, ಹೋಟೆಲಿನದಲ್ಲದ ದಡ

ಸ್ಪೇನಿನ ಈಶಾನ್ಯಕ್ಕೆ ಕೋಸ್ಟಾ ಬ್ರಾವಾ ಎಂಬ ಬಂಡೆಗಲ್ಲಿನ ಕರಾವಳಿ. ಅಲ್ಲಿ ಸಗರೋ ಎಂಬ ಪುಟ್ಟ ಬಡಾವಣೆಯಿದೆ. ಜೋಸೆಪ್ ಎನ್ಸೇಸಾ ಎಂಬ ಕೆಟಲನ್ ಉದ್ಯಮಿ ವಾಸ್ತುಶಿಲ್ಪಿ ರಫಾಯೆಲ್ ಮಾಸೊನಿಂದ ನಕ್ಷೆ ಬರೆಸಿ 1924ರಿಂದ ಕಟ್ಟುತ್ತಾ ಹೋದ ಜಾಗ ಅದು. 1932ರಲ್ಲಿ ಅವನೇ ಅಲ್ಲಿ ತೆರೆದ ‘ಓಸ್ತಾಲ್ ದೆ ಲಾ ಗವೀನಾ’ ಇವತ್ತಿಗೂ ಆ ಕರಾವಳಿಯ ಹೆಸರಾಂತ ಪಂಚತಾರಾ ಹೋಟೆಲು. ಸಿರಿವಂತರ ಈ ಬಡಾವಣೆಯ ಕೆಳಗೆ, ಬಂಡೆಗೂ ಅಲೆಗೂ ನಡುವೆ, ಸಾಂಟ್ ಪೋಲ್ ಬೀಚಿನಿಂದ ಸಾ ಕೋಂಕಾ ಬೀಚಿನವರೆಗೆ ಒಂದು ಕಾಲುದಾರಿ ಹೋಗುತ್ತದೆ. ಕೆಲವು ಕಡೆ ಕಲ್ಲಿನ ಮೆಟ್ಟಿಲು, ಕೆಲವು ಕಡೆ ಮೇಲಿಂದ ಬಾಗಿದ ಪೈನ್ ಮರಗಳ ನೆರಳು, ತಿರುವಿನಲ್ಲಿ ಕೂರಲು ಕಲ್ಲುಬೆಂಚು. ಪಕ್ಕದ ಊರಿನ ಮುದುಕರು, ನಾಯಿ ಹಿಡಿದು ಹೊರಟವರು, ಹೆಗಲಿಗೆ ಟವೆಲ್ ಹಾಕಿಕೊಂಡ ಹುಡುಗರು ಎಲ್ಲರೂ ಅದರ ಮೇಲೆ ಓಡಾಡುತ್ತಾರೆ. ನೀವು ಹೋಟೆಲಿನವರೇ ಎಂದು ಕೇಳುವ ಕಾವಲುಗಾರ ಅಲ್ಲಿಲ್ಲ.

ಇಂಥ ಹೋಟೆಲುಗಳಲ್ಲಿ ತಂಗುವವರು ಬೇಸಿಗೆಯಲ್ಲಿ ಒಂದು ರಾತ್ರಿಗೆ ನೂರಾರು ಯೂರೋ ತೆರುತ್ತಾರೆ. ಆ ಹಣಕ್ಕೆ ಏನೆಲ್ಲ ಸಿಗಬೇಕು? ಮೆತ್ತನೆಯ ಹಾಸಿಗೆ, ಕಡಲಿಗೆ ತೆರೆದುಕೊಳ್ಳುವ ಬಾಲ್ಕನಿ, ರುಚಿಯಾದ ಊಟ, ಅಚ್ಚುಕಟ್ಟಾದ ಉಪಚಾರ ಎಲ್ಲವೂ ಸಿಗಲಿ. ಎದುರಿನ ಮರಳೂ ಅದರಲ್ಲಿ ಸೇರಬೇಕೆ? ಜಗತ್ತಿನ ಎಷ್ಟೋ ಕಡೆ ‘ಖಾಸಗಿ ಬೀಚ್’ ಎಂಬುದೇ ಐಷಾರಾಮದ ಮೊದಲ ಗುರುತು. ಆದರೆ ಸ್ಪೇನ್ ಅದನ್ನು ಕಾನೂನಿನಲ್ಲೇ ನಿರಾಕರಿಸಿದೆ. ಈ ನಿರಾಕರಣೆಯಿಂದ ಅಲ್ಲಿನ ದುಬಾರಿ ಹೋಟೆಲುಗಳು ಸೊರಗಲಿಲ್ಲ. ಅದು ಪಾಲನೆಯಾದ ಕಡೆ ಹೋಟೆಲೂ ಉಳಿಯಿತು, ಕಡಲೂ ಉಳಿಯಿತು. ತಪ್ಪಿದ ಕಡೆ ಎರಡೂ ಕೆಟ್ಟವು.

1978ರ ಸ್ಪೇನಿನ ಸಂವಿಧಾನದ 132ನೇ ವಿಧಿಯ ಪ್ರಕಾರ ಕಡಲತೀರ, ಬೀಚು ಮತ್ತು ದೇಶದ ಜಲಗಡಿಯೊಳಗಿನ ಸಮುದ್ರ ಸಾರ್ವಜನಿಕ ಸ್ವತ್ತು. ಹತ್ತು ವರ್ಷದ ಬಳಿಕ, 1988ರ ಜುಲೈನಲ್ಲಿ ಬಂದ ಕರಾವಳಿ ಕಾಯ್ದೆ ಇದಕ್ಕೆ ಅಳತೆಗೋಲು ಕೊಟ್ಟಿತು. ಗೊತ್ತಿರುವ ಅತಿ ದೊಡ್ಡ ಬಿರುಗಾಳಿಯಲ್ಲಿ ಅಲೆ ಎಲ್ಲಿಯವರೆಗೆ ನುಗ್ಗಿತ್ತೋ ಅಲ್ಲಿಯವರೆಗಿನ ನೆಲ ಜನರದು. ಅದರಾಚೆಗೆ ಆರು ಮೀಟರ್ ಅಗಲದ ಪಟ್ಟಿ ನಡೆದಾಡುವವರಿಗೆ ಸದಾ ತೆರವಾಗಿರಬೇಕು. ನೂರು ಮೀಟರಿನೊಳಗೆ ಹೊಸ ಮನೆಯಾಗಲಿ ಹೋಟೆಲಾಗಲಿ ಏಳುವಂತಿಲ್ಲ. ಅದಾಗಲೇ ಪಟ್ಟಣವಾಗಿದ್ದ ಜಾಗದಲ್ಲಿ ಈ ಮಿತಿ ಇಪ್ಪತ್ತು ಮೀಟರ್. ಆರಾಮಕುರ್ಚಿ, ಕೊಡೆ, ತಿಂಡಿ ಅಂಗಡಿ ಇಡಬೇಕಾದರೆ ಅವಧಿಗೆ ತಕ್ಕ ಪರವಾನಗಿ ಪಡೆಯಬೇಕು. ಕಾಯ್ದೆಗೆ ಮೊದಲೇ ಮರಳಿನ ಮೇಲೆ ಹಕ್ಕುಪತ್ರ ಇಟ್ಟುಕೊಂಡು ಕಟ್ಟಿದವರ ಮಾಲೀಕತ್ವವೂ ಹೋಗಿ, ಬದಲಿಗೆ ನಿಗದಿತ ಅವಧಿಯ ಬಳಕೆಯ ಹಕ್ಕು ಮಾತ್ರ ಉಳಿಯಿತು. 2013ರ ತಿದ್ದುಪಡಿ ಆ ಅವಧಿಯನ್ನು 75 ವರ್ಷದವರೆಗೆ ಹಿಗ್ಗಿಸಿತು. ಕಾಯ್ದೆಯ ಹಲ್ಲು ಅಷ್ಟರಮಟ್ಟಿಗೆ ಮೊಂಡಾಯಿತು ಎಂದೇ ಹೇಳಬೇಕು.

ಈ ಕಾಯ್ದೆ ಬರುವ ಮುಂಚೆ ಆ ದೇಶದ ಕರಾವಳಿ ಬೇರೆಯೇ ಹಾದಿಯಲ್ಲಿತ್ತು. ಮೊದಮೊದಲು ಕಡಲ ಹೋಟೆಲೆಂದರೆ ಬೆರಳೆಣಿಕೆಯ ಸಿರಿವಂತರ ವ್ಯವಹಾರ. ಅರಮನೆಯವರು ಬೇಸಿಗೆ ಕಳೆಯುತ್ತಿದ್ದ ಸಾನ್ ಸೆಬಾಸ್ಟಿಯನ್‌ನಲ್ಲಿ 1912ರಲ್ಲಿ ಮರಿಯಾ ಕ್ರಿಸ್ಟಿನಾ ಹೋಟೆಲು ತೆರೆಯಿತು. ಮಯ್ಯೋರ್ಕಾ ದ್ವೀಪದಲ್ಲಿ ಅರ್ಜೆಂಟೀನಾದ ಅದಾನ್ ದೀಲ್ 1929ರಲ್ಲಿ ಫೋರ್ಮೆಂಟೋರ್ ಹೋಟೆಲು ತೆರೆದು, ಕೆಲವೇ ವರ್ಷಗಳಲ್ಲಿ ದಿವಾಳಿಯಾದ. ಆ ಹೋಟೆಲು ಉಳಿದುಕೊಂಡಿತು. 1961ರಲ್ಲಿ ಬೋರ್ಹೆಸ್ ಮತ್ತು ಸ್ಯಾಮ್ಯುಯೆಲ್ ಬೆಕೆಟ್ ಹಂಚಿಕೊಂಡ ಸಾಹಿತ್ಯ ಪ್ರಶಸ್ತಿಗೆ ಅದರದೇ ಹೆಸರು. 1954ರಲ್ಲಿ ಆಲ್ಫೊನ್ಸೊ ಹೋಹೆನ್‌ಲೋಹೆ ಎಂಬ ರಾಜಮನೆತನದವನು ಮಾರ್ಬೆಯಾದಲ್ಲಿ ತೋಟದ ನಡುವಿನ ತಗ್ಗಾದ ಬಿಳಿ ಕಟ್ಟಡಗಳನ್ನು ‘ಮಾರ್ಬೆಯಾ ಕ್ಲಬ್’ ಎಂಬ ಹೋಟೆಲಾಗಿ ತೆರೆದ.

ಆಮೇಲೆ ಬಂದದ್ದು ಪ್ರವಾಹ. 1959ರ ಆರ್ಥಿಕ ಯೋಜನೆಯ ನಂತರ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರಕ್ಕೆ ವಿದೇಶಿ ಹಣ ಬೇಕಿತ್ತು, ಅದಕ್ಕೆ ಬಿಸಿಲು ಮತ್ತು ಮರಳು ಸುಲಭದ ದಾರಿಯಾದವು. ಆ ಹಪಹಪಿ ಎಷ್ಟಿತ್ತೆಂದರೆ, 1966ರ ಜನವರಿಯಲ್ಲಿ ಅಲ್ಮೆರಿಯಾ ಸೀಮೆಯ ಪಾಲೋಮಾರೆಸ್ ಮೇಲೆ ಅಮೆರಿಕದ ಎರಡು ಸೇನಾ ವಿಮಾನಗಳು ಡಿಕ್ಕಿಯಾಗಿ ನಾಲ್ಕು ಹೈಡ್ರೋಜನ್ ಬಾಂಬುಗಳು ಬಿದ್ದಾಗ, ಪ್ರವಾಸೋದ್ಯಮ ಸಚಿವ ಮಾನ್ವೆಲ್ ಫ್ರಾಗಾ ಅಮೆರಿಕದ ರಾಯಭಾರಿಯನ್ನು ಜತೆಗಿಟ್ಟುಕೊಂಡು ಮಾರ್ಚಿನಲ್ಲಿ ಆ ಕರಾವಳಿಯ ನೀರಿಗಿಳಿದು ಈಜಿ ತೋರಿಸಿದರು. ಜನ ಹೆದರಿ ಬರದೇ ಹೋಗಬಾರದು ಎಂಬುದೇ ಆ ಈಜಿನ ಉದ್ದೇಶ. ಆ ಪ್ರವಾಹ ನಿಲ್ಲಲಿಲ್ಲ, 2024ರಲ್ಲಿ ಸುಮಾರು 9 ಕೋಟಿ 40 ಲಕ್ಷ ವಿದೇಶಿಯರು ಸ್ಪೇನಿಗೆ ಬಂದರು. ಆ ದೇಶದ ಜನಸಂಖ್ಯೆ ಐದು ಕೋಟಿಗೂ ಕಡಿಮೆ.

ಇಷ್ಟು ಜನ ಒಂದೇ ತೀರಕ್ಕೆ ಮುಗಿಬಿದ್ದಾಗ ಕಾಯ್ದೆ ಪುಸ್ತಕದಲ್ಲಿದ್ದರಷ್ಟೇ ಸಾಲದು ಎನ್ನುವುದಕ್ಕೆ ಅದೇ ಅಲ್ಮೆರಿಯಾ ಸೀಮೆಯಲ್ಲಿ, ಕಾರ್ಬೊನೆರಾಸ್ ಎಂಬ ಊರಿನ ಹೊರಗೆ, ಕಣ್ಣಿಗೆ ರಾಚುವ ಸಾಕ್ಷಿ ನಿಂತಿದೆ. ಅಲ್ಲಿನ ಅಲ್ಗರ್ರೋಬಿಕೊ ಬೀಚು ಸಿನಿಮಾ ಪ್ರಿಯರಿಗೆ ಅರಿವಿಲ್ಲದೆಯೇ ಪರಿಚಿತ. 1962ರಲ್ಲಿ ತೆರೆಕಂಡ ‘ಲಾರೆನ್ಸ್ ಆಫ್ ಅರೇಬಿಯಾ’ದ ಅಕಾಬಾ ನಗರದ ಸೆಟ್ಟನ್ನು ಹಾಕಿದ್ದು ಇಲ್ಲೇ. 1987ರಲ್ಲಿ ಈ ಬೀಚನ್ನೂ ಒಳಗೊಂಡ ಕಾಬೊ ದೆ ಗಾತಾ-ನಿಹಾರ್ ನಿಸರ್ಗ ಉದ್ಯಾನ ಘೋಷಣೆಯಾಯಿತು. ಹೀಗಿದ್ದೂ 2003ರಲ್ಲಿ ಊರಿನ ಪುರಸಭೆ ಈ ದಡದಲ್ಲಿ 411 ಕೋಣೆಗಳ ಹೋಟೆಲಿಗೆ ಪರವಾನಗಿ ಕೊಟ್ಟಿತು. ಗುಡ್ಡದ ಇಳಿಜಾರನ್ನು ಕಡಿದು, ಮೆಟ್ಟಿಲು ಮೆಟ್ಟಿಲಾಗಿ, ಸುಮಾರು ಇಪ್ಪತ್ತು ಅಂತಸ್ತಿನ ಬಿಳಿ ಕಾಂಕ್ರೀಟು ನೂರು ಮೀಟರಿನ ಮಿತಿಯೊಳಗೇ ಎದ್ದಿತು. 2006ರಲ್ಲಿ ನ್ಯಾಯಾಲಯ ಕೆಲಸ ನಿಲ್ಲಿಸುವ ಹೊತ್ತಿಗೆ ಕಟ್ಟಡ ಬಹುಪಾಲು ಮುಗಿದಿತ್ತು.

ಮುಂದಿನದು ಬೇಸರ ಹುಟ್ಟಿಸುವಷ್ಟು ಉದ್ದದ ಕತೆ. ಒಂದು ಕೋರ್ಟು ತಪ್ಪೆಂದಿತು, ಇನ್ನೊಂದು ಸರಿಯೆಂದಿತು. ಪುರಸಭೆ, ಆಂಡಲೂಸಿಯಾ ಪ್ರಾಂತ ಸರ್ಕಾರ, ಮ್ಯಾಡ್ರಿಡ್‌ನ ಕೇಂದ್ರ ಸರ್ಕಾರ ಮೂರೂ ಹೊಣೆಯನ್ನು ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ದಾಟಿಸಿದವು. 2014ರಲ್ಲಿ ಗ್ರೀನ್‌ಪೀಸ್ ಕಾರ್ಯಕರ್ತರು ಆ ಕಟ್ಟಡದ ಮುಖದ ಮೇಲೆ ದೈತ್ಯಾಕಾರದ ಕಪ್ಪು ಚುಕ್ಕೆ ಬಳಿದು ಇದು ಅಕ್ರಮ ಹೋಟೆಲೆಂದು ಬರೆದರು. 2016ರಲ್ಲಿ ಸುಪ್ರೀಂ ಕೋರ್ಟು ಆ ನೆಲ ಕಟ್ಟಡಕ್ಕೆ ಯೋಗ್ಯವೇ ಅಲ್ಲವೆಂದು ತೀರ್ಪಿತ್ತಿತು. ತೀರ್ಪಾಗಿ ಒಂಬತ್ತು ವರ್ಷಕ್ಕೆ, 2025ರ ಫೆಬ್ರವರಿಯಲ್ಲಿ, ಕಡಲ ಪಕ್ಕದ ಭಾಗವನ್ನು ಸ್ವಾಧೀನಕ್ಕೆ ತೆಗೆದುಕೊಂಡು ಕೆಡಹುವುದಾಗಿ ಕೇಂದ್ರ ಸರ್ಕಾರ ಘೋಷಿಸಿತು. ಒಬ್ಬನೇ ಒಬ್ಬ ಅತಿಥಿಯೂ ಮಲಗದ ಆ ಕೋಣೆಗಳು ಎರಡು ದಶಕ ಗಾಳಿ ಮತ್ತು ಉಪ್ಪಿಗೆ ತೆರೆದುಕೊಂಡು ನಿಂತವು. ಕಟ್ಟುವುದು ಮೂರು ವರ್ಷದ ಕೆಲಸ, ಕೆಡಹುವ ನಿರ್ಧಾರಕ್ಕೇ ಇಪ್ಪತ್ತು ವರ್ಷ. ಕಾಯ್ದೆ ಪರವಾನಗಿಯ ಮೇಜಿನ ಮೇಲೆ ಕೆಲಸ ಮಾಡದಿದ್ದರೆ ಆಮೇಲೆ ಅದರಿಂದ ದೊಡ್ಡ ಪ್ರಯೋಜನವಿಲ್ಲ.

ಇಲ್ಲಿ ಕಾರ್ಬೊನೆರಾಸ್‌ನ ಜನರ ಮಾತನ್ನೂ ಕೇಳಬೇಕು. ಅವರಲ್ಲಿ ಬಹಳ ಮಂದಿ ಹೋಟೆಲಿನ ಪರವಾಗಿ ಬೀದಿಗಿಳಿದಿದ್ದರು. ಮಳೆ ಕಾಣದ ಸೀಮೆ, ಮೀನುಗಾರಿಕೆ, ಸಿಮೆಂಟು ಕಾರ್ಖಾನೆ, ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇಷ್ಟೇ ಅವರ ಆಸರೆ. ಆ ಸ್ಥಾವರವೂ 2021ರಲ್ಲಿ ಮುಚ್ಚಿತು. ದೂರದ ನಗರದವರಿಗೆ ನಿಸರ್ಗ ಮುಖ್ಯ, ನಮ್ಮ ಮಕ್ಕಳ ಕೆಲಸ ಯಾರಿಗೂ ಮುಖ್ಯವಲ್ಲವೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಅದನ್ನು ತಳ್ಳಿಹಾಕಿ ಕಡಲ ರಕ್ಷಣೆ ಮಾತಾಡುವವರು ಅರ್ಧ ಮಾತಷ್ಟೇ ಆಡುತ್ತಾರೆ. ಆದರೆ ಅದೇ ಹೋಟೆಲು ಕಾಯ್ದೆ ಹೇಳಿದ ಅಂತರದಲ್ಲಿ, ಉದ್ಯಾನದ ಹೊರಗೆ, ಊರಿಗೆ ಅಂಟಿಕೊಂಡು ಎದ್ದಿದ್ದರೆ ಆ ಮಕ್ಕಳಿಗೆ ಕೆಲಸ ಸಿಗುತ್ತಿತ್ತು. ಅವರ ಕೆಲಸವನ್ನು ಕಸಿದದ್ದು ಪರಿಸರವಾದವಲ್ಲ, ತಪ್ಪು ಜಾಗಕ್ಕೆ ಬಿದ್ದ ರುಜು.

ಜಾಗ ಸರಿಯಿದ್ದರೆ ಎತ್ತರವೂ ತಪ್ಪಲ್ಲ ಎಂಬುದನ್ನು ಬೆನಿಡಾರ್ಮ್ ತೋರಿಸುತ್ತದೆ. ಮೀನುಗಾರರ ಹಳ್ಳಿಯಾಗಿದ್ದ ಆ ಊರಿಗೆ ಮೇಯರ್ ಪೆದ್ರೊ ಸಾರಗೊಸಾ 1956ರಲ್ಲಿ ನಗರಯೋಜನೆ ಮಾಡಿಸಿದರು. ಇಂದು ಅಲ್ಲಿ ಗೋಪುರಗಳ ಕಾಡೇ ಇದೆ. 2002ರಲ್ಲಿ ತೆರೆದ ಗ್ರಾನ್ ಹೋಟೆಲ್ ಬಾಲಿ 186 ಮೀಟರ್ ಎತ್ತರ. ನೋಡಲು ಚಂದವಲ್ಲ ಎನ್ನುವವರೇ ಹೆಚ್ಚು. ಆದರೂ ಲಕ್ಷಾಂತರ ಜನರನ್ನು ಕಡಿಮೆ ನೆಲದಲ್ಲಿ ಮಲಗಿಸಿ, ಸುತ್ತಲಿನ ಬೆಟ್ಟವನ್ನು ಬಿಟ್ಟು, ಲೆವಾಂತೆ ಮತ್ತು ಪೊನಿಯೆಂತೆ ಎಂಬ ಎರಡು ಉದ್ದನೆಯ ಬೀಚುಗಳನ್ನು ಎಲ್ಲರಿಗೂ ತೆರೆದಿಟ್ಟ ಊರದು. ಅಗ್ಗದ ಲಾಡ್ಜಿನವನೂ ದುಬಾರಿ ಕೋಣೆಯವನೂ ಅಲ್ಲಿ ಒಂದೇ ಮರಳಿನಲ್ಲಿ ಟವೆಲ್ ಹಾಸುತ್ತಾರೆ. ಮಾರ್ಬೆಯಾ ಇದಕ್ಕೆ ಉಲ್ಟಾ. ತಗ್ಗಾದ ಬಿಳಿ ಮನೆಗಳಿಂದ ಹೆಸರಾದ ಆ ಪಟ್ಟಣ ಯೋಜನೆಯನ್ನು ಗಾಳಿಗೆ ತೂರಿ ಸಾವಿರಾರು ಅಕ್ರಮ ಮನೆಗಳನ್ನು ಕಟ್ಟಿಸಿಕೊಂಡಿತು. ಕೊನೆಗೆ 2006ರಲ್ಲಿ ಭ್ರಷ್ಟಾಚಾರದ ಕಾರಣಕ್ಕೆ ಸ್ಪೇನ್ ಸರ್ಕಾರ ಅಲ್ಲಿನ ಪುರಸಭೆಯನ್ನೇ ವಿಸರ್ಜಿಸಿತು. ಪ್ರಜಾಪ್ರಭುತ್ವ ಮರಳಿದ ಮೇಲೆ ಆ ದೇಶದಲ್ಲಿ ಹಾಗಾದದ್ದು ಅದೇ ಮೊದಲು.

ಐಷಾರಾಮದ ಬೆಲೆಯನ್ನು ದಡದಲ್ಲಿ ಮಾತ್ರ ಅಳೆದರೆ ಸಾಲದು, ಕೋಣೆಯೊಳಗೂ ನೋಡಬೇಕು. ಅತಿಥಿ ತಿಂಡಿಗೆ ಇಳಿದ ಹೊತ್ತಿನಲ್ಲಿ ಒಬ್ಬ ಹೆಂಗಸು ಒಳಗೆ ಬರುತ್ತಾಳೆ. ಇಬ್ಬರು ಮಲಗುವ ಹಾಸಿಗೆಯ ಒಂದೊಂದು ಮೂಲೆಯನ್ನೂ ಸೊಂಟ ಬಗ್ಗಿಸಿ ಎತ್ತಿ ಬೆಡ್‌ಶೀಟನ್ನು ಅಡಿಗೆ ಸೇರಿಸುತ್ತಾಳೆ, ಬಚ್ಚಲಿನ ನೆಲ ಉಜ್ಜುತ್ತಾಳೆ, ಕಡಲಗಾಳಿಗೆ ಬಾಲ್ಕನಿಯ ಗಾಜಿಗೆ ಕೂತ ಉಪ್ಪನ್ನು ಒರೆಸುತ್ತಾಳೆ, ತಳ್ಳುಗಾಡಿಯನ್ನು ಕಾರ್ಪೆಟ್ಟಿನ ಮೇಲೆ ನೂಕಿಕೊಂಡು ಮುಂದಿನ ಬಾಗಿಲಿಗೆ ಹೋಗುತ್ತಾಳೆ. 2012ರ ಕಾರ್ಮಿಕ ಕಾನೂನಿನ ಬದಲಾವಣೆಯ ನಂತರ ಬಹಳಷ್ಟು ಹೋಟೆಲುಗಳು ಈ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟು ಕೂಲಿ ಇಳಿಸಿದವು. ಆಗ ಈ ಹೆಂಗಸರೇ ‘ಲಾಸ್ ಕೆಲ್ಲೀಸ್’ ಎಂಬ ಹೆಸರಿನಲ್ಲಿ ಸಂಘ ಕಟ್ಟಿ, ಬೆನ್ನುನೋವನ್ನು ವೃತ್ತಿರೋಗವೆಂದು ಒಪ್ಪಬೇಕೆಂದು ಕೇಳಿದರು. 2018ರಲ್ಲಿ ಆಗಿನ ಪ್ರಧಾನಿ ರಾಹೊಯ್ ಈ ಹೆಂಗಸರನ್ನು ಕರೆದು ಮಾತಾಡಿಸಬೇಕಾಯಿತು. 2022ರಲ್ಲಿ ಬಲೆಯಾರಿಕ್ ದ್ವೀಪಗಳ ಸರ್ಕಾರ ಹೋಟೆಲುಗಳಲ್ಲಿ ಎತ್ತರ ಏರಿಸಿ ಇಳಿಸಬಹುದಾದ ಮಂಚಗಳನ್ನೇ ಹಾಕಬೇಕೆಂಬ ನಿಯಮ ತಂದಿತು. ಬಗ್ಗದೆ ಹಾಸಿಗೆ ಸರಿಮಾಡಲು ಅದರಿಂದ ಸಾಧ್ಯ. ಅಮೃತಶಿಲೆಯ ಸ್ವಾಗತಕೋಣೆಗಿಂತ ಈ ಮಂಚ ದೊಡ್ಡ ಐಷಾರಾಮ.

ನೀರಿನ ಲೆಕ್ಕವೂ ಇದೆ. ಬರದಿಂದ ಜಲಾಶಯಗಳು ಬರಿದಾಗಿ ಕೆಟಲೋನಿಯಾ 2024ರ ಫೆಬ್ರವರಿಯಲ್ಲಿ ತುರ್ತುಸ್ಥಿತಿ ಸಾರಿದಾಗ ಈಜುಕೊಳ ತುಂಬಿಸಲು ನಿರ್ಬಂಧ ಬಂತು. ಆಗ ಲ್ಯೊರೆಟ್ ದೆ ಮಾರ್ ಪಟ್ಟಣದ ಹೋಟೆಲಿನವರು ತಮ್ಮ ಖರ್ಚಿನಲ್ಲೇ ಕಡಲನೀರು ಸಿಹಿಮಾಡುವ ಯಂತ್ರ ಕೊಂಡರು. ಊರಿನ ನಲ್ಲಿಗೆ ಕೈ ಹಾಕದೆ ಸ್ವಂತ ದುಡ್ಡು ಹಾಕಿದ್ದು ಮೆಚ್ಚಬೇಕಾದ ಮಾತು. ಆದರೂ ಕಡಲು ನಾಲ್ಕು ಹೆಜ್ಜೆ ದೂರದಲ್ಲಿರುವಾಗ ಕೊಳವೇಕೆ ಎಂಬ ಪ್ರಶ್ನೆಯನ್ನು ಒಂದಲ್ಲ ಒಂದು ದಿನ ಹೋಟೆಲುಗಳು ಎದುರಿಸಲೇಬೇಕು. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯಾನರಿ ದ್ವೀಪಗಳಲ್ಲಿ ಸಾವಿರಾರು ಜನ ಬೀದಿಗಿಳಿದು, ನಮ್ಮ ದ್ವೀಪಗಳಿಗೂ ಒಂದು ಮಿತಿಯಿದೆ ಎಂದು ಕೂಗಿದರು. ಅವರು ಅತಿಥಿಗಳನ್ನು ದ್ವೇಷಿಸುವವರಲ್ಲ. ಬಾಡಿಗೆಗೆ ಮನೆ ಸಿಗದೆ ಬಳಲಿದವರೇ ಅವರಲ್ಲಿ ಎಷ್ಟೋ ಮಂದಿ.

ಖಾಸಗಿ ಬೀಚಿನ ಪರ ಮಾತಾಡುವವರು ಅತಿಥಿಗೆ ಬೇಕಾದ ಏಕಾಂತದ ಬಗ್ಗೆ ಹೇಳುತ್ತಾರೆ. ಏಕಾಂತ ಬೇಡವೆನ್ನುವುದು ಯಾರಿಂದಲೂ ಆಗದು. ಹೋಟೆಲಿನ ಆವರಣದಲ್ಲಿ, ತೋಟದಲ್ಲಿ, ಬಾಲ್ಕನಿಯಲ್ಲಿ ಅದನ್ನು ಧಾರಾಳವಾಗಿ ಕೊಡಲಿ. ಕಡಲ ವಿಷಯ ಬೇರೆ. ಅದನ್ನು ಹೋಟೆಲು ಕಟ್ಟಿದ್ದಲ್ಲ, ಬೆಳೆಸಿದ್ದಲ್ಲ. ಊರಿನವನು ತನ್ನ ದಡಕ್ಕೆ ತಾನೇ ಹೋಗಲಾಗದಂತೆ ಮಾಡಿ ದೂರದಿಂದ ಬಂದವನಿಗೆ ಅದನ್ನು ಮಾರುವ ಹಕ್ಕು ಯಾವ ಬಂಡವಾಳಕ್ಕೂ ಇಲ್ಲ. ಬೇಲಿ ಹಾಕಿದ ಬೀಚಿನಲ್ಲಿ ಅತಿಥಿಗೆ ಸಿಗುವುದಾದರೂ ಏನು? ತನ್ನಂಥವರದೇ ಮುಖ. ಸ್ಪೇನಿನ ದಡದಲ್ಲಿ ಅವನಿಗೆ ಸ್ಪೇನೇ ಸಿಗುತ್ತದೆ: ಬುತ್ತಿ, ಮಡಚುಕುರ್ಚಿ ಹೊತ್ತು ಬಂದ ಅಜ್ಜಿ, ಅವಳ ಮೊಮ್ಮಕ್ಕಳು, ಸಂಜೆ ಒಂಬತ್ತರವರೆಗೆ ಆರದ ಬೆಳಕಿನಲ್ಲಿ ನಡೆಯುವ ಹರಟೆ.

ಕರ್ನಾಟಕದ ಓದುಗರಿಗೆ ಈ ಚರ್ಚೆ ಹೊರಗಿನದಲ್ಲ. ಭಾರತದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಅಂದರೆ ಸಿಆರ್‌ಝಡ್, ಮೊದಲು ಬಂದದ್ದು 1991ರಲ್ಲಿ, ಸ್ಪೇನಿನ ಕಾಯ್ದೆಯಾದ ಮೂರೇ ವರ್ಷಕ್ಕೆ. 2019ರಲ್ಲಿ ಅದನ್ನು ಸಡಿಲಿಸಿ, ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಾಡಿನ ತೀರದಲ್ಲಿ ಕಟ್ಟಡ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಲಾಯಿತು. 2020ರಲ್ಲಿ ಪಡುಬಿದ್ರಿ ಮತ್ತು ಕಾಸರಕೋಡು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಸ್ಪೇನಿನ ನೂರಾರು ಬೀಚುಗಳ ಮೇಲೆ ಹಾರುವುದೂ ಇದೇ ಧ್ವಜ. ಹೆಸರು ಬಂದ ದಡಕ್ಕೆ ಹೋಟೆಲೂ ಬರುತ್ತದೆ, ಬರಲಿ. ಕಾರವಾರದಿಂದ ಉಳ್ಳಾಲದವರೆಗೆ ಒಳ್ಳೆಯ ಹೋಟೆಲುಗಳಿಗೆ ಜಾಗವಿದೆ, ಕೆಲಸ ಬೇಕಾದ ಕೈಗಳೂ ಇವೆ. ಆದರೆ ಬಲೆ ಒಣಗಿಸುವ ಮರಳು, ದೋಣಿ ಎಳೆಯುವ ಜಾಗ, ಮನೆಮಂದಿಯೆಲ್ಲ ಸಂಜೆ ಬಂದು ಕೂರುವ ದಡ ಯಾವ ಹೋಟೆಲಿನ ಬೇಲಿಯೊಳಗೂ ಸೇರಬಾರದು. ಕರಾವಳಿ ನಿರ್ವಹಣಾ ಯೋಜನೆಯ ಕರಡು ನಕ್ಷೆ ಹೊರಬಂದಾಗ ಜಿಲ್ಲೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಕರಾವಳಿಯವರು ಆ ಸಭೆಗೆ ಹೋಗಬೇಕು, ತಮ್ಮ ಊರಿನ ದಡಕ್ಕೆ ಇಳಿಯುವ ದಾರಿ ನಕ್ಷೆಯಲ್ಲಿದೆಯೇ ಎಂದು ಬೆರಳಿಟ್ಟು ನೋಡಬೇಕು, ಇಲ್ಲದಿದ್ದರೆ ಅಲ್ಲೇ ಬರವಣಿಗೆಯಲ್ಲಿ ಆಕ್ಷೇಪ ಕೊಡಬೇಕು.