ಗಂಡನನ್ನು ಸೇರಲು ಹತ್ತು ವರ್ಷದ ಲೆಕ್ಕ!

ಕಳೆದ ವಾರ ನಮ್ಮ ಪಕ್ಷದ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದಳು. ಗಂಡ ಆಸ್ಟ್ರೇಲಿಯಾದ ಖಾಯಂ ನಿವಾಸಿ. ಅವನನ್ನು ಸೇರಲು ವೀಸಾ ಬೇಕು. ಕೈಯಲ್ಲಿದ್ದುದು 80ನೇ ನಂಬರಿನ ಫಾರಂ. ಹತ್ತು ವರ್ಷಗಳಲ್ಲಿ ಎಲ್ಲೆಲ್ಲಿ ವಾಸವಿದ್ದೆ, ಯಾವ ದೇಶಕ್ಕೆ ಹೋಗಿಬಂದೆ, ಏನು ಓದಿದೆ, ಯಾರಲ್ಲಿ ಕೆಲಸ ಮಾಡಿದೆ, ಕೆಲಸವಿಲ್ಲದೆ ಇದ್ದುದು ಯಾವಾಗ, ಒಡಹುಟ್ಟಿದವರು ಯಾರು - ಎಲ್ಲಕ್ಕೂ ತಾರೀಖು ಸಮೇತ ಉತ್ತರ ಬೇಕು. ನಡುವೆ ತೆರಪು ಇರಕೂಡದು.

"ಪಿ.ಯು.ಸಿ. ಆದಮೇಲಿನ ಆರು ವರ್ಷಕ್ಕೆ ಏನು ಬರೆಯಲಿ, ಮೇಷ್ಟ್ರೇ?" ಎಂದಳು.

ಆ ಆರು ವರ್ಷ ಅವಳು ಹಾಸಿಗೆ ಹಿಡಿದ ಅಜ್ಜಿಯ ಆರೈಕೆ ಮಾಡಿದಳು. ಎರಡು ಹಸು ಸಾಕಿ ಡೈರಿಗೆ ಹಾಲು ಹಾಕಿದಳು. ನಾಟಿಗೆ, ಕೊಯ್ಲಿಗೆ ಗದ್ದೆಗಿಳಿದಳು. ಪೇಟೆಯ ಏಜೆಂಟ ಇದನ್ನು ಕೇಳಿ ನಕ್ಕನಂತೆ. "ಅದೆಲ್ಲ ಕೆಲಸವೇನಮ್ಮ? ಯಾವುದೋ ಕಂಪನಿಯಲ್ಲಿ ಗುಮಾಸ್ತೆಯಾಗಿದ್ದೆ ಅಂತ ಹಾಕೋಣ. ಸರ್ಟಿಫಿಕೇಟಿಗೆ ಬೇರೆ ದುಡ್ಡು."

ಈ ದಗಲ್ಬಾಜಿ ವ್ಯಾಪಾರವನ್ನು ನಾವು ಖಂಡಿಸುತ್ತೇವೆ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರ. ಅಲ್ಲಿನ 4020ನೇ ನಿಬಂಧನೆಯಂತೆ ಮೂರು ವರ್ಷ ಬಾಗಿಲು ಬಂದ್. ಕಟ್ಟಿದ ಶುಲ್ಕವೂ ನೀರುಪಾಲು. ಆ ಶುಲ್ಕವಾದರೂ ಎಷ್ಟು? 2024ರ ಜುಲೈಯಲ್ಲಿ 9,095 ಆಸ್ಟ್ರೇಲಿಯನ್ ಡಾಲರು, ಎಂದರೆ ಸುಮಾರು ಐದು ಲಕ್ಷ ರೂಪಾಯಿ! ಅನಂತರ ಅದು ಇನ್ನೂ ಏರಿದೆ. ಏಜೆಂಟನ ಜೇಬು ತುಂಬುತ್ತದೆ. ಶಿಕ್ಷೆ ಮಾತ್ರ ಹೆಣ್ಣುಮಗಳಿಗೆ.

ಆದರೆ ಏಜೆಂಟನನ್ನು ಬೈದ ಮಾತ್ರಕ್ಕೆ ನ್ಯಾಯ ಮುಗಿಯಲಿಲ್ಲ. 1901ರ ಕಾನೂನಿನಡಿ ಆಸ್ಟ್ರೇಲಿಯಾದ ಅಧಿಕಾರಿ ತನಗೆ ಬೇಕಾದ ಯೂರೋಪಿನ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಹೇಳಿ, ಬೇಡವಾದವರನ್ನು ಹೊರಗಟ್ಟುತ್ತಿದ್ದ. 1958ರಲ್ಲಿ ಆ ಪರೀಕ್ಷೆ ರದ್ದಾಯಿತು. ಕಾಗದ ಹಿಡಿದು ಮನುಷ್ಯನನ್ನು ಅಳೆಯುವ ಬುದ್ಧಿ ರದ್ದಾಯಿತೇ? 2012ರಿಂದ 2024ರವರೆಗೆ ಅದೇ ದೇಶ ಐವತ್ತು ಲಕ್ಷ ಡಾಲರು ಹೂಡುವ ಧನಿಕರಿಗೆ ಪ್ರತ್ಯೇಕ ವೀಸಾ ಇಟ್ಟಿತ್ತು. ಇಂಗ್ಲಿಷ್ ಪರೀಕ್ಷೆಯಿಲ್ಲ, ವಯಸ್ಸಿನ ಮಿತಿಯಿಲ್ಲ, ವರ್ಷಕ್ಕೆ ಸರಾಸರಿ 40 ದಿನ ಅಲ್ಲಿದ್ದರೆ ಸಾಕು! ಫಾರಂ ಅವರಿಗೂ ಇತ್ತು. ತುಂಬಲು ವಕೀಲರೂ ಇದ್ದರು.

ದೇಶವೊಂದು ತನ್ನಲ್ಲಿಗೆ ಬರುವವರನ್ನು ವಿಚಾರಿಸಬಾರದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ವಿಚಾರಿಸಲಿ. ಆದರೆ ಸಂಬಳದ ಚೀಟಿಯಿಲ್ಲದ ದುಡಿಮೆಯನ್ನು ತೆರಪು ಎಂದು ಕರೆಯಲು ನಾವು ಬಿಡೆವು.

ಹೊರಗಿನವರನ್ನೇ ಏಕೆ ದೂರೋಣ? ನಮ್ಮ ಜನಗಣತಿಯೇ ಮನೆಗೆಲಸದಲ್ಲಿ ತೇಯ್ದ ಹೆಂಗಸನ್ನು ದುಡಿಯದವರ ಪಟ್ಟಿಗೆ ಸೇರಿಸುತ್ತ ಬಂದಿದೆ. ಮನೆಯಲ್ಲಿ ಮೊದಲಾದ ಈ ಅವಮಾನಕ್ಕೆ ಪರದೇಶದ ಫಾರಂ ಮೊಹರು ಒತ್ತುತ್ತದೆ, ಅಷ್ಟೆ.

ಆದ್ದರಿಂದ ನಮ್ಮ ಒತ್ತಾಯ: ಸುಳ್ಳು ಸರ್ಟಿಫಿಕೇಟು ಮಾರುವ ಏಜೆಂಟರ ಮೇಲೆ ಜಿಲ್ಲಾ ಪೊಲೀಸರು ಕ್ರಮ ಜರುಗಿಸಲಿ. ಇಂಥ ಅರ್ಜಿ ತುಂಬಲು ಸರ್ಕಾರ ಪ್ರತಿ ತಾಲ್ಲೂಕಿನಲ್ಲೂ ಉಚಿತ ನೆರವು ಕೊಡಲಿ. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಯ ಬಾಗಿಲು ತೆರೆದಿರುತ್ತದೆ, ಕಾಸು ಬೇಡ.

ಅಕ್ಕತಂಗಿಯರಲ್ಲಿ ನಮ್ಮ ಮಾತು ಒಂದೇ: ತೆರಪು ಬಿಡಬೇಡಿ, ಸುಳ್ಳೂ ಬರೆಯಬೇಡಿ. ಆ ಹೆಣ್ಣುಮಗಳ ಆರು ವರ್ಷದ ಮುಂದೆ ನಾವು ಬರೆದುಕೊಟ್ಟದ್ದು ಇಷ್ಟು: "ತಂದೆಯ ಜಮೀನಿನಲ್ಲಿಯೂ ಮನೆಯಲ್ಲಿಯೂ ದುಡಿಮೆ. ಸಂಬಳ ಇಲ್ಲ." ಓದಿ ನೋಡಿ, ನೆಟ್ಟಗೆ ಕುಳಿತು ಸಹಿ ಮಾಡಿದಳು.