ಊರಿನ ಅಪ್ಪಣೆಯೂ ಮನೆಯ ಸಮ್ಮತಿಯೂ: ಕೆನ್ಯಾ ದೇಶದ ಆರೋಗ್ಯ ಸಂಶೋಧನೆಗಳು

ಹೊಸ ಗೊಬ್ಬರದ ಗುಣವನ್ನು ತಿಳಿಯಬೇಕಾದರೆ ರೈತನು ಅನುಸರಿಸತಕ್ಕ ಮಾರ್ಗವು ಎಲ್ಲರಿಗೂ ತಿಳಿದದ್ದೇ ಆಗಿದೆ. ಒಂದೇ ಮಣ್ಣಿನ, ಒಂದೇ ನೀರಿನ ಎರಡು ಮಡಿಗಳನ್ನು ಆರಿಸಿ, ಒಂದಕ್ಕೆ ಗೊಬ್ಬರವನ್ನು ಹಾಕಿ, ಮತ್ತೊಂದನ್ನು ಹಾಗೆಯೇ ಬಿಟ್ಟು, ಸುಗ್ಗಿಯಲ್ಲಿ ಎರಡರ ಹುಟ್ಟುವಳಿಯನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಹೀಗೆ ಹೋಲಿಸಿ ನೋಡದೆ ಆಡುವ ಮಾತು ಊಹೆಯೇ ಹೊರತು ಜ್ಞಾನವಲ್ಲ. ಮನುಷ್ಯರ ರೋಗಗಳಿಗೆ ತಕ್ಕ ಔಷಧವನ್ನು ನಿರ್ಣಯಿಸುವುದರಲ್ಲಿಯೂ ಮಾರ್ಗವು ಇದೇ. ಆದರೆ ಮುಖ್ಯವಾದ ಒಂದು ಭೇದವುಂಟು. ಮಡಿಯನ್ನು ಕೇಳಬೇಕಾದುದಿಲ್ಲ; ಮನುಷ್ಯನನ್ನು ಕೇಳಲೇಬೇಕು. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ಊರಿನ ಮುಖ್ಯಸ್ಥನು ಒಪ್ಪಿದರೆ ಸಾಕೆ ಎಂಬ ಪ್ರಶ್ನೆಗಳು ಪೂರ್ವ ಆಫ್ರಿಕದ ಕೆನ್ಯಾ ದೇಶದಲ್ಲಿ ಅನೇಕ ವರ್ಷಗಳಿಂದ ಅನುಭವದ ಒರೆಗಲ್ಲಿಗೆ ಬಂದಿವೆ. ಗ್ರಾಮಗಳ ಹೊಣೆಯನ್ನು ಹೊತ್ತ ಮುಖಂಡರೂ ಜಮೀನ್ದಾರರೂ ಆ ಅನುಭವವನ್ನು ಪರ್ಯಾಲೋಚಿಸುವುದು ಯುಕ್ತವಾಗಿದೆ.

ಕೆನ್ಯಾ ವೈದ್ಯಕೀಯ ಸಂಶೋಧನಾ ಸಂಸ್ಥೆಯು 1979ರಲ್ಲಿ ಶಾಸನದ ಮೂಲಕ ಸ್ಥಾಪಿತವಾಯಿತು. ಹಿಂದೂ ಮಹಾಸಾಗರದ ತೀರದಲ್ಲಿರುವ ಕಿಲಿಫಿ ಎಂಬ ಪಟ್ಟಣದಲ್ಲಿ ಇದೇ ಸಂಸ್ಥೆಯವರು ಇಂಗ್ಲೆಂಡಿನ ವೆಲ್ಕಮ್ ಟ್ರಸ್ಟಿನ ಸಹಾಯದಿಂದ 1989ರಲ್ಲಿ ಒಂದು ಸಂಶೋಧನಾ ಕೇಂದ್ರವನ್ನು ತೆರೆದರು. ಆ ಪಟ್ಟಣದ ಸುತ್ತಲಿನ ಸುಮಾರು 900 ಚದರ ಕಿಲೋಮೀಟರು ಸೀಮೆಯಲ್ಲಿ 2000ನೆಯ ಇಸವಿಯಿಂದೀಚೆಗೆ ಖಾನೇಷುಮಾರಿಯಂಥ ಒಂದು ಏರ್ಪಾಡು ನಡೆದುಬಂದಿದೆ. ಗಣತಿದಾರರು ವರ್ಷದಲ್ಲಿ ಕೆಲವು ಸಾರಿ ಮನೆಮನೆಗೆ ಹೋಗಿ ಜನನ, ಮರಣ, ವಲಸೆಗಳನ್ನು ಬರೆದುಕೊಳ್ಳುತ್ತಾರೆ. ಎರಡೂವರೆ ಲಕ್ಷಕ್ಕೂ ಮೇಲ್ಪಟ್ಟ ಜನರ ಲೆಕ್ಕವು ಹೀಗೆ ಸಿದ್ಧವಾಗಿರುವುದರಿಂದ, ಒಂದು ಔಷಧದಿಂದ ಎಷ್ಟು ಮಕ್ಕಳು ಉಳಿದರೆಂಬುದನ್ನು ಅಂದಾಜಿನಿಂದಲ್ಲ, ಎಣಿಕೆಯಿಂದಲೇ ಹೇಳಬಹುದಾಗಿದೆ.

ಇಂಥ ಕಾರ್ಯವನ್ನು ಯಾರೂ ತಮ್ಮ ಇಚ್ಛೆಯಂತೆ ನಡೆಸಕೂಡದು. ಕೆನ್ಯಾ ಸರಕಾರದವರ 2013ನೆಯ ಇಸವಿಯ ವಿಜ್ಞಾನ ಶಾಸನದ ಮೇರೆಗೆ ಸಂಶೋಧನೆ ಮಾಡತಕ್ಕವರು, ಸ್ವದೇಶದವರಾಗಲಿ ಪರದೇಶದವರಾಗಲಿ, ರಾಷ್ಟ್ರೀಯ ಆಯೋಗದಿಂದ ಲೈಸೆನ್ಸನ್ನು ಪಡೆಯಬೇಕು. ಅದಕ್ಕೂ ಮೊದಲು ನೀತಿ ಪರಿಶೀಲನಾ ಸಮಿತಿಯ ಒಪ್ಪಿಗೆಯಾಗಬೇಕು. ಪ್ರಯೋಗದಿಂದ ಜನರಿಗೆ ಆಗಬಹುದಾದ ಹಾನಿಯೆಷ್ಟು, ಲಾಭವೆಷ್ಟು, ಅವರಿಗೆ ತಿಳಿಸತಕ್ಕ ಸಂಗತಿಗಳು ಯಾವುವು ಎಂಬುದನ್ನು ವಿಚಾರಿಸುವುದೇ ಈ ಸಮಿತಿಯ ಕೆಲಸ. ಕಾಗದದ ಮೇಲಿನ ಅಪ್ಪಣೆಗಳು ಇಲ್ಲಿಗೆ ಮುಗಿಯುತ್ತವೆ. ಊರಿನೊಳಗಣ ಅಪ್ಪಣೆಯು ಬೇರೆ. ಅಲ್ಲಿ ಸರಕಾರದಿಂದ ನೇಮಕವಾದ ಚೀಫ್ ಎಂಬ ಗ್ರಾಮಾಧಿಕಾರಿಯೂ ಅವನ ಸಹಾಯಕನೂ ಇರುತ್ತಾರೆ. ಅವರು ಬರಾಜಾ ಎಂಬ ಬಹಿರಂಗ ಸಭೆಯನ್ನು ಸೇರಿಸುತ್ತಾರೆ. ಸಂಶೋಧಕರು ಆ ಸಭೆಯಲ್ಲಿ ತಮ್ಮ ಉದ್ದೇಶವನ್ನು ತಿಳಿಸುತ್ತಾರೆ. ಮುಖ್ಯಸ್ಥನ ಅನುಕೂಲವಿಲ್ಲದೆ ಊರಿನಲ್ಲಿ ಹೆಜ್ಜೆಯಿಡುವುದು ಕಷ್ಟವೇ. ಆದರೆ ಅವನ ಅನುಕೂಲವೇ ಪ್ರತಿಯೊಂದು ಮನೆಯ ಸಮ್ಮತಿಯೆಂದು ಭಾವಿಸುವುದು ತಪ್ಪು.

ಈ ಭೇದವು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಕೆನ್ಯಾದ ಪಶ್ಚಿಮ ಭಾಗದ ಬುಸಿಯಾ ಜಿಲ್ಲೆಯ ಒಂದು ಪ್ರಯೋಗವು ದೃಷ್ಟಾಂತವಾಗಿದೆ. ಅಲ್ಲಿ 75 ಪ್ರಾಥಮಿಕ ಪಾಠಶಾಲೆಗಳ ಮಕ್ಕಳಿಗೆ ಹೊಟ್ಟೆಯ ಜಂತುಹುಳುಗಳಿಗೆ ಔಷಧ ಕೊಡುವ ಏರ್ಪಾಡು 1998ರಲ್ಲಿ ಮೊದಲಾಯಿತು. ಎಲ್ಲ ಶಾಲೆಗಳಿಗೂ ಒಮ್ಮೆಗೇ ಕೊಡಲಾಗದುದರಿಂದ ಅವನ್ನು 25ರಂತೆ ಮೂರು ಗುಂಪು ಮಾಡಿ, ಒಂದಕ್ಕೆ 1998ರಲ್ಲಿಯೂ ಎರಡನೆಯದಕ್ಕೆ 1999ರಲ್ಲಿಯೂ ಮೂರನೆಯದಕ್ಕೆ 2001ರಲ್ಲಿಯೂ ಔಷಧವನ್ನು ಆರಂಭಿಸಿದರು. ಹಿಂದೆ ಬಿದ್ದ ಗುಂಪಿನೊಡನೆ ಮುಂದಿನ ಗುಂಪನ್ನು ಹೋಲಿಸಿ ನೋಡಲು ಇದರಿಂದ ಅವಕಾಶವಾಯಿತು; ಔಷಧವೂ ಕ್ರಮವಾಗಿ ಎಲ್ಲ ಗುಂಪುಗಳಿಗೂ ದೊರೆಯಿತು. ಔಷಧ ಪಡೆದ ಶಾಲೆಗಳಲ್ಲಿ ಮಕ್ಕಳ ಗೈರುಹಾಜರಿಯು ಕಾಲುಭಾಗದಷ್ಟು ಇಳಿಯಿತೆಂದು ಎಡ್ವರ್ಡ್ ಮಿಗೆಲ್ ಮತ್ತು ಮೈಕೇಲ್ ಕ್ರೀಮರ್ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದರು. ಇವರ ಪೈಕಿ ಕ್ರೀಮರರಿಗೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರೊಡನೆ ನೊಬೆಲ್ ಪಾರಿತೋಷಕವು ಸಂದಿತು.

ಮೊದಲ ವರ್ಷದಲ್ಲಿ ಊರಿನ ಸಭೆಯ ಒಪ್ಪಿಗೆಯನ್ನೇ ಸಾಕೆಂದು ತಿಳಿದು, ಬೇಡವೆಂದವರ ಮಕ್ಕಳನ್ನು ಮಾತ್ರ ಬಿಟ್ಟಿದ್ದರು. ಎರಡನೆಯ ವರ್ಷದಿಂದ ತಂದೆತಾಯಿಗಳು ಶಾಲೆಗೆ ಬಂದು ಪುಸ್ತಕದಲ್ಲಿ ರುಜು ಮಾಡಬೇಕೆಂಬ ನಿಯಮವು ಬಂದಿತು. ಆಗ ಹೊಲದ ಕೆಲಸವನ್ನು ಬಿಟ್ಟು ಬರುವುದು ಕೆಲವರಿಗೆ ಕಷ್ಟವಾಯಿತು. ಶಾಲೆಯ ಫೀಜನ್ನು ಬಾಕಿ ಉಳಿಸಿಕೊಂಡಿದ್ದವರು ಮುಖ್ಯೋಪಾಧ್ಯಾಯರ ಎದುರಿಗೆ ಬರಲು ಸಂಕೋಚಪಟ್ಟರು. ಔಷಧವನ್ನು ದ್ವೇಷಿಸಿ ಅವರು ದೂರ ನಿಂತವರಲ್ಲ. ಬಾಕಿಯ ನಾಚಿಕೆಯಿಂದ ನಿಂತವರು. ಇದರಿಂದ ರುಜುವಿನ ನಿಯಮವೇ ಕೆಟ್ಟದ್ದೆಂದು ಹೇಳುವವರುಂಟು. ವಿಚಾರಮಾಡಿದರೆ ಕೆಟ್ಟದ್ದು ನಿಯಮವಲ್ಲ, ಅದನ್ನು ನಡೆಸಿದ ಸ್ಥಳ. ಸಾಲಗಾರನನ್ನು ಸಾಲ ಕೊಟ್ಟವನ ಜಗಲಿಗೆ ಕರೆದು ಸಮ್ಮತಿಯನ್ನು ಕೇಳಿದರೆ, ಅವನ ಹೌದೂ ಇಲ್ಲವೂ ಎರಡೂ ನಿಜವಾದವಲ್ಲ. ಮನೆಯ ಬಾಗಿಲಿಗೆ ಹೋಗಿ, ಮನೆಯ ಭಾಷೆಯಲ್ಲಿ ಕೇಳಿದ ಮೇಲೆ ಬಂದ ಉತ್ತರವೇ ಉತ್ತರ.

ಅದೇ ಪ್ರಯೋಗದಲ್ಲಿ ಮತ್ತೊಂದು ಸಂಗತಿಯೂ ಹೊರಬಿತ್ತು. 2001ರಲ್ಲಿ ಕೆಲವು ಶಾಲೆಗಳಲ್ಲಿ ಔಷಧಕ್ಕೆ ಸ್ವಲ್ಪ ಹಣವನ್ನು ಕೇಳಲಾಯಿತು. ಧರ್ಮಾರ್ಥವಾಗಿ ಕೊಟ್ಟಲ್ಲಿ ನೂರಕ್ಕೆ ಸುಮಾರು 75 ಮಕ್ಕಳು ಔಷಧವನ್ನು ತೆಗೆದುಕೊಂಡಿದ್ದರೆ, ಹಣ ಕೇಳಿದಲ್ಲಿ ಆ ಸಂಖ್ಯೆಯು 20ಕ್ಕಿಂತಲೂ ಕೆಳಗಿಳಿಯಿತು. ಬಡವನಿಗೆ ಬೆಲೆ ಕೊಟ್ಟು ಕೊಂಡ ವಸ್ತುವಿನಲ್ಲಿಯೇ ಆದರ ಹೆಚ್ಚೆಂಬ ವಾದವನ್ನು ಉಳ್ಳವರು ಆಗಾಗ್ಗೆ ಆಡುವುದುಂಟು. ಎಣಿಸಿ ನೋಡಿದಾಗ ಅದು ನಿಲ್ಲಲಿಲ್ಲ. ಭಾರತದಲ್ಲಿ 2015ರ ಫೆಬ್ರವರಿಯಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಆಚರಿಸುತ್ತ, ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಮಕ್ಕಳಿಗೆ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿರುವುದು ಕನ್ನಡನಾಡಿನ ಗ್ರಾಮಸ್ಥರಿಗೂ ತಿಳಿದ ವಿಷಯವಾಗಿದೆ.

ಪರಿಶೀಲನೆಯ ಏರ್ಪಾಡುಗಳೆಲ್ಲ ಕಾಲಹರಣವೆಂದೂ, ಮಕ್ಕಳು ಸಾಯುತ್ತಿರುವಾಗ ಸಮಿತಿಗಳಿಗಾಗಿ ಕಾಯುವುದು ಅನ್ಯಾಯವೆಂದೂ ಹೇಳುವವರಿದ್ದಾರೆ. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಕೆನ್ಯಾ, ಉಗಾಂಡಾ, ಟಾಂಜಾನಿಯಾ ದೇಶಗಳ ಆರು ಆಸ್ಪತ್ರೆಗಳಲ್ಲಿ 2009ರಿಂದ 2011ರ ವರೆಗೆ ನಡೆದ ಒಂದು ಪ್ರಯೋಗವು ಇದಕ್ಕೆ ತಕ್ಕ ಸಮಾಧಾನವನ್ನು ಕೊಡುತ್ತದೆ. ಕಡುಜ್ವರದಿಂದ ರಕ್ತದ ಓಟವು ಕುಂದಿದ ಮಕ್ಕಳಿಗೆ ರಕ್ತನಾಳದ ಮೂಲಕ ಬೇಗಬೇಗನೆ ಹೆಚ್ಚು ದ್ರವವನ್ನು ಕೊಡಬೇಕೆಂಬುದು ವೈದ್ಯಗ್ರಂಥಗಳ ಉಪದೇಶವಾಗಿತ್ತು. ಕಿಲಿಫಿ ಕೇಂದ್ರದ ಡಾಕ್ಟರ್ ಕ್ಯಾಥರಿನ್ ಮೇಟ್‌ಲೆಂಡ್ ಮೊದಲಾದವರು ಇದನ್ನು ಹೋಲಿಸಿ ನೋಡಿದರು. ಮಗುವು ಪ್ರಾಣಸಂಕಟದಲ್ಲಿರುವಾಗ ದೀರ್ಘವಾದ ವಿವರಣೆಗೆ ಅವಕಾಶವಿಲ್ಲದುದರಿಂದ, ಮೊದಲು ತಾಯಿಯ ಬಾಯಿಮಾತಿನ ಒಪ್ಪಿಗೆಯನ್ನು ಪಡೆದು, ಮಗುವಿನ ಸ್ಥಿತಿ ನೆಲೆಗೊಂಡ ಮೇಲೆ ಪೂರ್ಣ ವಿವರವನ್ನು ತಿಳಿಸಿ ಬರವಣಿಗೆಯ ಸಮ್ಮತಿಯನ್ನು ಕೇಳುವಂತೆ ನೀತಿ ಸಮಿತಿಗಳು ಅನುಮತಿಸಿದ್ದವು. ಹೀಗೆ ನಿಯಮವು ಸಂದರ್ಭಕ್ಕೆ ತಕ್ಕಂತೆ ಬಾಗಿತು, ಮುರಿಯಲಿಲ್ಲ.

ಫಲವು ಎಲ್ಲರ ನಿರೀಕ್ಷೆಗೂ ವಿರುದ್ಧವಾಗಿ ಬಂದಿತು. ಒಮ್ಮೆಗೇ ಹೆಚ್ಚು ದ್ರವವನ್ನು ಪಡೆದ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತೂವರೆಯಷ್ಟು 48 ಗಂಟೆಗಳೊಳಗೆ ತೀರಿಕೊಂಡರು. ಪಡೆಯದವರಲ್ಲಿ ಆ ಸಂಖ್ಯೆಯು 7.3 ಮಾತ್ರ. ಪ್ರಯೋಗದ ಅಂಕಿಗಳನ್ನು ಬೇರೆಯಾಗಿ ನಿಂತು ನೋಡುತ್ತಿದ್ದ ಸಮಿತಿಯವರು ಈ ಅಂತರವನ್ನು ಕಂಡೊಡನೆ, 3,141 ಮಕ್ಕಳು ಸೇರಿದ್ದ ಹಂತದಲ್ಲಿ, 2011ರ ಜನವರಿಯಲ್ಲಿ ಅದನ್ನು ನಿಲ್ಲಿಸಿಬಿಡಲು ಸಲಹೆಮಾಡಿದರು. ಒಳ್ಳೆಯದೆಂದು ನಂಬಿ ಕೊಡುತ್ತಿದ್ದ ಚಿಕಿತ್ಸೆಯೇ ಆ ಆಸ್ಪತ್ರೆಗಳಲ್ಲಿ ಹಾನಿ ಮಾಡುತ್ತಿತ್ತೆಂಬುದು ಹೋಲಿಕೆಯಿಲ್ಲದೆ ಎಂದಿಗೂ ತಿಳಿಯುತ್ತಿರಲಿಲ್ಲ. ಕಾವಲಿಲ್ಲದಿದ್ದರೆ ತಿಳಿಯುವ ಹೊತ್ತಿಗೆ ಇನ್ನೆಷ್ಟೋ ಮಕ್ಕಳು ಹೋಗುತ್ತಿದ್ದರು. ಆದಕಾರಣ ಸಂಶೋಧನೆಯನ್ನು ಬೇಡವೆನ್ನುವುದೂ ಅವಿವೇಕ. ಕಾವಲನ್ನು ಬೇಡವೆನ್ನುವುದೂ ಅವಿವೇಕ.

ಸಮ್ಮತಿಯ ವಿಷಯದಲ್ಲಿ ಅಲ್ಲಿಯ ಸಂಶೋಧಕರು ಎದುರಿಸಿದ ತೊಡಕುಗಳಲ್ಲಿ ರಕ್ತದ ಭಯವು ದೊಡ್ಡದು. ಪರೀಕ್ಷೆಗೆಂದು ತೆಗೆದ ರಕ್ತವನ್ನು ಮಾರಿಕೊಳ್ಳುತ್ತಾರೆಂಬ ವದಂತಿಯು ಪೂರ್ವ ಆಫ್ರಿಕದಲ್ಲಿ ವಸಾಹತು ಆಳ್ವಿಕೆಯ ಕಾಲದಿಂದ ಬಂದದ್ದು. ರಕ್ತ ಕದಿಯುವವರಿಗೆ ಮುಮಿಯಾನಿ ಎಂಬ ಹೆಸರೂ ಉಂಟು. ಇದನ್ನು ಮೂಢನಂಬಿಕೆಯೆಂದು ನಕ್ಕು ಬಿಡುವುದು ಸುಲಭ. ಆದರೆ ಹೊರಗಿನವರು ಬಂದು, ಕಾರಣ ಹೇಳದೆ ದೇಹದಿಂದ ಏನನ್ನೋ ತೆಗೆದುಕೊಂಡು, ಮತ್ತೆ ಮುಖ ತೋರಿಸದೆ ಹೋದಾಗ, ಉಳಿದವರು ಕಾರಣವನ್ನು ತಾವೇ ಕಲ್ಪಿಸಿಕೊಳ್ಳುವುದು ಆಶ್ಚರ್ಯವೇನೂ ಅಲ್ಲ. ಕಿಲಿಫಿ ಕೇಂದ್ರದವರು ಇದಕ್ಕೆ ಕಂಡುಕೊಂಡ ಉಪಾಯವು ಗಮನಾರ್ಹವಾದುದು. ಊರ ಸಭೆಗಳಲ್ಲಿ ಜನರೇ ಆರಿಸಿದ ಪ್ರತಿನಿಧಿಗಳನ್ನು ಅವರು ಆಗಾಗ್ಗೆ ಕೂಡಿಸಿ, ಮುಂದೆ ನಡೆಯಲಿರುವ ಪ್ರಯೋಗಗಳನ್ನು ವಿವರಿಸಿ, ಊರಿನ ಸಂಶಯಗಳನ್ನೂ ದೂರುಗಳನ್ನೂ ಕೇಳುತ್ತಾರೆ. ಈ ಪ್ರತಿನಿಧಿಗಳು ಯಾರ ಪರವಾಗಿಯೂ ಸಮ್ಮತಿಯನ್ನು ಕೊಡತಕ್ಕವರಲ್ಲ. ಮಾತನ್ನು ಎರಡು ಕಡೆಗೂ ಮುಟ್ಟಿಸತಕ್ಕವರು. ಹಳ್ಳಿಯ ಮುಖಂಡತನಕ್ಕೆ ಇದಕ್ಕಿಂತ ಗೌರವದ ಕೆಲಸವು ಬೇರೊಂದಿಲ್ಲ.

ಇನ್ನು ಉಳಿದುದು ಫಲದ ಮಾತು. ಸೊಳ್ಳೆಗಳನ್ನು ಕೊಲ್ಲುವ ಔಷಧದಲ್ಲಿ ಅದ್ದಿದ ಪರದೆಗಳನ್ನು ಕಿಲಿಫಿ ಸೀಮೆಯಲ್ಲಿ ಪರೀಕ್ಷಿಸಿದಾಗ, ಒಂದು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಮರಣವು ಶೇಕಡ 33ರಷ್ಟು ಕಡಮೆಯಾಯಿತೆಂದು 1996ರಲ್ಲಿ ಪ್ರಕಟವಾಯಿತು. ಇಷ್ಟು ಸ್ಪಷ್ಟವಾದ ಫಲವಿದ್ದರೂ ಕೆನ್ಯಾದ ಗ್ರಾಮಗಳಿಗೆ ಪರದೆಗಳು ನಿಧಾನವಾಗಿ ತಲಪಿದವು. ಮೊದಲಲ್ಲಿ ಅವನ್ನು ಕಡಮೆ ಬೆಲೆಗೆ ಮಾರುತ್ತಿದ್ದರು. 2004ರಲ್ಲಿ ನಾಲ್ಕು ಜಿಲ್ಲೆಗಳ ಹಳ್ಳಿಗಳಲ್ಲಿ ವಿಚಾರಿಸಿದಾಗ ನೂರಕ್ಕೆ ಏಳು ಮಕ್ಕಳು ಮಾತ್ರ ಇಂಥ ಪರದೆಯಲ್ಲಿ ಮಲಗುತ್ತಿದ್ದರು. 2006ರಲ್ಲಿ ಸರಕಾರದವರು ಅವನ್ನು ಉಚಿತವಾಗಿ ಹಂಚಿದ ಮೇಲೆ ಅದೇ ಹಳ್ಳಿಗಳಲ್ಲಿ ಆ ಸಂಖ್ಯೆಯು 67ಕ್ಕೆ ಏರಿತು. ಬಡವರಿಗೂ ಅನುಕೂಲಸ್ಥರಿಗೂ ಇದ್ದ ಅಂತರವೂ ತಗ್ಗಿತು. ಪ್ರಯೋಗಕ್ಕೆ ಮಕ್ಕಳನ್ನು ಒಪ್ಪಿಸಿದ ಜನರ ನೆರೆಹೊರೆಯವರು ಹತ್ತು ವರ್ಷ ಕಾದದ್ದು ವಿಜ್ಞಾನದ ಕೊರತೆಯಿಂದಲ್ಲ.

ಮಲೇರಿಯಾ ಲಸಿಕೆಯ ಚರಿತ್ರೆಯೂ ಇದನ್ನೇ ಸೂಚಿಸುತ್ತದೆ. ಮೊದಲನೆಯ ಲಸಿಕೆಯ ದೊಡ್ಡ ಪ್ರಯೋಗವು 2009ರಿಂದ 2014ರ ವರೆಗೆ ಆಫ್ರಿಕದ ಏಳು ದೇಶಗಳಲ್ಲಿ 15,459 ಮಕ್ಕಳ ಮೇಲೆ ನಡೆಯಿತು. ಕೆನ್ಯಾದಲ್ಲಿ ಮಾತ್ರ ಮೂರು ಕೇಂದ್ರಗಳಿದ್ದವು. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ವ್ಯಾಪಕವಾಗಿ ಉಪಯೋಗಿಸಬಹುದೆಂದು ಹೇಳಿದ್ದು 2021ರ ಅಕ್ಟೋಬರಿನಲ್ಲಿ. 2023ರ ಅಕ್ಟೋಬರಿನಲ್ಲಿ ಶಿಫಾರಸಾದ ಎರಡನೆಯ ಲಸಿಕೆಯನ್ನೂ ಕೆನ್ಯಾದ ಮಕ್ಕಳ ಮೇಲೆ ಪರೀಕ್ಷಿಸಲಾಗಿತ್ತು. ಅದನ್ನು ತಯಾರಿಸುವುದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನವರು. ಹೀಗೆ ಕಿಲಿಫಿಯ ತಾಯಂದಿರ ಸಮ್ಮತಿಗೂ ಭಾರತದ ಒಂದು ಕಾರ್ಖಾನೆಗೂ ಸಂಬಂಧವು ಏರ್ಪಟ್ಟಿದೆ.

ಭಾರತದಲ್ಲಿಯೂ ವೈದ್ಯಕೀಯ ಸಂಶೋಧನಾ ಮಂಡಲಿಯವರ 2017ರ ನೀತಿಸೂತ್ರಗಳು ಇದೇ ಧರ್ಮವನ್ನು ಹೇಳುತ್ತವೆ: ಊರಿನ ಮುಖಂಡನ ಅನುಮತಿಯನ್ನು ಪಡೆಯಬಹುದು, ಆದರೆ ಅದು ವ್ಯಕ್ತಿಯ ಸಮ್ಮತಿಗೆ ಬದಲಾಗಲಾರದು. ಆದುದರಿಂದ ಯಾವುದೇ ಸಂಶೋಧನಾ ತಂಡವು ಗ್ರಾಮಕ್ಕೆ ಬಂದಾಗ ಮುಖಂಡರು ಕೆಳಗಣ ಸಂಗತಿಗಳನ್ನು ಕೇಳಿ ತಿಳಿಯತಕ್ಕದ್ದು.

1. ಇದಕ್ಕೆ ಒಪ್ಪಿಗೆಯನ್ನು ಕೊಟ್ಟ ನೀತಿ ಸಮಿತಿ ಯಾವುದು? ಅದರ ಪತ್ರವೆಲ್ಲಿ?
2. ಜನರಿಂದ ಏನನ್ನು ತೆಗೆದುಕೊಳ್ಳಲಾಗುವುದು? ರಕ್ತವಾದರೆ ಎಷ್ಟು, ಏತಕ್ಕೆ?
3. ತೊಂದರೆಯುಂಟಾದರೆ ಚಿಕಿತ್ಸೆಯು ಯಾರ ಹೊಣೆ?
4. ಬೇಡವೆಂದವನಿಗೆ ಆಸ್ಪತ್ರೆಯ ಉಪಚಾರವು ಎಂದಿನಂತೆಯೇ ದೊರೆಯುವುದೆ?
5. ಫಲವು ಯಾವಾಗ, ಯಾವ ಭಾಷೆಯಲ್ಲಿ, ಊರಿಗೆ ತಿಳಿಯುವುದು?

ಇವುಗಳಿಗೆ ಸರಿಯಾದ ಉತ್ತರವು ಬಂದಲ್ಲಿ ಮುಖಂಡರು ಸಭೆಯನ್ನು ಸೇರಿಸಿ, ಎಲ್ಲರಿಗೂ ತಿಳಿಯುವಂತೆ ವಿಷಯವನ್ನು ಹೇಳಿಸಿ, ಅಲ್ಲಿಗೆ ಸುಮ್ಮನಾಗಬೇಕು. ಒಕ್ಕಲಾಗಿರುವವನು ಜಮೀನ್ದಾರನ ಮುಖ ನೋಡಿ ಹೂಂ ಎನ್ನುವನೆಂಬುದು ಎಲ್ಲರಿಗೂ ತಿಳಿದ ಮಾತು. ಆದಕಾರಣ ಸಮ್ಮತಿ ಕೇಳುವಾಗ ಜಮೀನ್ದಾರನು ಅಲ್ಲಿ ನಿಲ್ಲದಿರುವುದೇ ಮೇಲು. ಊರಿನ ಬಾಗಿಲನ್ನು ತೆರೆಯುವ ಅಧಿಕಾರವು ಮುಖಂಡನಿಗೆ ಸಲ್ಲುತ್ತದೆ. ಮನೆಯ ಬಾಗಿಲನ್ನು ತೆರೆಯತಕ್ಕವರು ಮನೆಯವರೇ.